ಹಬ್ಬದ ಮೆರವಣಿಗೆಗೆ ವಾಕಿಟಾಕಿ: ಕೊಳ್ಳುವ ಮುನ್ನ ತಿಳಿದಿರಲಿ

ವಾರ್ಷಿಕ ಹಬ್ಬ, ಪರಮ ಪ್ರಸಾದದ ಮೆರವಣಿಗೆ ಎಂದರೆ ಸ್ವಯಂಸೇವಕರ ಕೈಯಲ್ಲಿ ಈಗ ವಾಕಿಟಾಕಿ ಕಾಣಸಿಗುತ್ತದೆ. ಜನಜಂಗುಳಿಯಲ್ಲಿ ಮೊಬೈಲ್ ಕರೆ ಸಿಗದಿದ್ದಾಗ ಇದು ಬಹಳ ಉಪಕಾರಿ. ಆದರೆ ಯಾವ ಸೆಟ್ ಬಳಸಬಹುದೆಂದು ವಿಚಾರಿಸದೆ ಕೊಳ್ಳುವುದು ಸರಿಯಲ್ಲ.

ಪರವಾನಗಿ ಬೇಕೇ?

ಭಾರತದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುವ ಅಲ್ಪಶಕ್ತಿಯ ಸೆಟ್‌ಗಳಿಗೆ 2018ರ ನಿಯಮಗಳಂತೆ ಪರವಾನಗಿ ಬೇಡ. ಆದರೆ ಆ ಮಾದರಿಗೆ ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮೋದನೆ (ಇಟಿಎ) ಇರಬೇಕು. ಆನ್‌ಲೈನ್ ಮಾರಾಟಗಾರರು ಫ್ರೀಕ್ವೆನ್ಸಿ ಮತ್ತು ಪರವಾನಗಿಯ ವಿವರವನ್ನು ಸ್ಪಷ್ಟವಾಗಿ ತಿಳಿಸಬೇಕೆಂದು 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದೆ. ಈ ವಿವರ ಇಲ್ಲದ ಸೆಟ್ ಅಗ್ಗವಾಗಿ ಸಿಕ್ಕಿದರೂ ಬೇಡ.

ಹ್ಯಾಮ್ ಪರವಾನಗಿ ಪರೀಕ್ಷೆ ಪಾಸಾದ ವ್ಯಕ್ತಿಗೆ ಮಾತ್ರ ಸಲ್ಲುತ್ತದೆ. ಒಬ್ಬರಲ್ಲಿ ಇದೆಯೆಂದು ಇಡೀ ತಂಡ ಆ ಸೆಟ್‌ಗಳಲ್ಲಿ ಮಾತಾಡುವಂತಿಲ್ಲ.

ಕರಾವಳಿಯವರಾದ ನಾವು ಇನ್ನೊಂದು ಮಾತನ್ನು ಮರೆಯಬಾರದು. ಪೇಟೆಯಲ್ಲಿ ಸಿಗುವ ಹಲವು ಸೆಟ್‌ಗಳು 136ರಿಂದ 174 ಮೆಗಾಹರ್ಟ್ಸ್‌ವರೆಗೂ ಪ್ರಸಾರ ಮಾಡಬಲ್ಲವು. ಅಪಾಯದಲ್ಲಿರುವ ದೋಣಿ, ಹಡಗುಗಳು ನೆರವಿಗಾಗಿ ಕೂಗುವ 16ನೇ ಚಾನೆಲ್ (156.8 ಮೆಗಾಹರ್ಟ್ಸ್) ಇದರೊಳಗೇ ಇದೆ. ನಾವು ಪಾರ್ಕಿಂಗ್ ವಿಷಯ ಮಾತಾಡುತ್ತಾ ಬಟನ್ ಒತ್ತಿ ಹಿಡಿದರೆ, ಕಡಲಲ್ಲಿರುವ ಸಹೋದರನ ಕೂಗು ದಡಕ್ಕೆ ಕೇಳಿಸದೆ ಹೋಗಬಹುದು.

ಆಂಟೆನಾ ಎಂಥದ್ದು?

ಪರವಾನಗಿ ಬೇಡದ ಸೆಟ್‌ನ ಆಂಟೆನಾವನ್ನು ಬದಲಿಸಬೇಡಿ. ಅನುಮೋದನೆ ಸಿಕ್ಕಿರುವುದು ಮೂಲ ರೂಪಕ್ಕೆ. ಪರವಾನಗಿ ಪಡೆದು ಬೇರೆ ಸೆಟ್ ಬಳಸುವವರು ತಮ್ಮ ಫ್ರೀಕ್ವೆನ್ಸಿಗೆ ಹೊಂದುವ ಆಂಟೆನಾ ಆರಿಸಬೇಕು. ಅಲೆಯ ಉದ್ದದ ಕಾಲು ಭಾಗ ಸಾಮಾನ್ಯ ಅಳತೆ: 446 ಮೆಗಾಹರ್ಟ್ಸ್‌ಗೆ ಸುಮಾರು 17 ಸೆಂ.ಮೀ., 145ಕ್ಕೆ ಸುಮಾರು 50 ಸೆಂ.ಮೀ. ಹೆಬ್ಬೆರಳಷ್ಟು ಗಿಡ್ಡ ಆಂಟೆನಾ ನೋಡಲು ಚಂದ, ಆದರೆ ದೂರ ತಲುಪದು. ಆಂಟೆನಾ ಕಳಚಿ ಎಂದೂ ಬಟನ್ ಒತ್ತಬೇಡಿ, ಸೆಟ್ ಕೆಟ್ಟುಹೋಗಬಹುದು.

ಶಕ್ತಿಗಿಂತ ಎತ್ತರ ಮುಖ್ಯ. ಗುಡ್ಡ, ಕಲ್ಲುಗೋಡೆ, ದಟ್ಟ ಮರಗಳು ಅಲೆಯನ್ನು ತಡೆಯುತ್ತವೆ. ಡಬ್ಬಿಯ ಮೇಲೆ ಬರೆದ ಕಿಲೋಮೀಟರುಗಳು ಬಯಲಿನ ಲೆಕ್ಕ. ಸೆಟ್ಟನ್ನು ಸೊಂಟದಿಂದ ತೆಗೆದು, ಮುಖದ ಬಳಿ ನೆಟ್ಟಗೆ ಹಿಡಿದು ಮಾತಾಡಿ. ಒಬ್ಬರನ್ನು ಚರ್ಚಿನ ಮಹಡಿಯಲ್ಲಿ ನಿಲ್ಲಿಸಿದರೆ ಅವರು ಸಂದೇಶ ದಾಟಿಸಬಹುದು.

ಹಬ್ಬದ ಮುನ್ನಾದಿನ ಮೆರವಣಿಗೆಯ ದಾರಿಯುದ್ದಕ್ಕೂ ನಡೆದು ಪರೀಕ್ಷಿಸಿ. ಸೆಟ್‌ನ ಬಿಲ್ಲು, ಅನುಮೋದನೆಯ ಪ್ರತಿ ಪಾಲನಾ ಸಮಿತಿಯ ಕಡತದಲ್ಲಿರಲಿ. ಕಾನೂನು ಪಾಲನೆಯೂ ಪರಪ್ರೀತಿಯ ಒಂದು ರೂಪವೇ.