ಹೊಲ ಇಲ್ಲದವರೂ ಬೆಳೆಯಬಹುದು ಮೆಣಸಿನಕಾಯಿ

 

ನಮ್ಮ ಹಾವೇರಿ ಜಿಲ್ಲೆ ಅಂದಕೂಡಲೇ ನೆನಪಾಗುವುದು ಬ್ಯಾಡಗಿ ಮೆಣಸಿನಕಾಯಿ. ಕಡುಕೆಂಪು ಬಣ್ಣ, ಕಡಿಮೆ ಖಾರ, ಒಣಗಿದ ಮೇಲೆ ಮೈತುಂಬ ಸುಕ್ಕು, ಇವು ಅದರ ಗುರುತು. 2011ರಲ್ಲಿ ಇದಕ್ಕೆ ಜಿ.ಐ. ಮಾನ್ಯತೆಯೂ ಸಿಕ್ಕಿದೆ. ಆದರೆ ಹೊಲ ಇಲ್ಲದ ಮನೆಯವರು ಚಟ್ನಿಗೆ ಬೇಕಾದ ನಾಲ್ಕು ಹಸಿಮೆಣಸಿನಕಾಯಿಯನ್ನೂ ಸಂತೆಯಲ್ಲೇ ಕೊಳ್ಳಬೇಕು. ನಮ್ಮದೂ ಅಂಥದೇ ಮನೆ. ನಮ್ಮವ್ವ ಸುಗ್ಗಿಯಲ್ಲಿ ದಿನವಿಡೀ ಬೇರೆಯವರ ಮೆಣಸಿನಕಾಯಿ ತೊಟ್ಟು ಬಿಡಿಸಿ, ಸಂಜೆ ಕೈ ಉರಿ ಅಂತ ಕೂಡುತ್ತಾಳೆ. ರೇಟು ಏರಿದಾಗ ಕಾಲು ಕಿಲೋ ತರೋದೂ ಕಷ್ಟ. ಅದಕ್ಕೇ ನಾನು ಮೂರು ಗಿಡ ಹಿತ್ತಲಲ್ಲಿ, ಮೂರು ಗಿಡ ಪಡಸಾಲೆಯ ಕಿಟಕಿಯ ಹತ್ತಿರ ಬೆಳೆಸಿದೆ. ಆಗ ತಿಳಿದ ವಿಷಯ ಇಲ್ಲಿ ಬರೆದಿದ್ದೇನೆ.

ಎಲ್ಲಿಂದ ಬಂತು?

ಮೆಣಸಿನಕಾಯಿಯ ತವರು ಅಮೆರಿಕ ಖಂಡ. 16ನೇ ಶತಮಾನದಲ್ಲಿ ಪೋರ್ಚುಗೀಸರು ಇದನ್ನು ನಮ್ಮ ದೇಶಕ್ಕೆ ತಂದರು. ಅದಕ್ಕೂ ಮುಂಚೆ ನಮ್ಮವರು ಖಾರಕ್ಕೆ ಕರಿಮೆಣಸನ್ನು ಬಳಸುತ್ತಿದ್ದರು. ಬದನೆ, ಟೊಮೆಟೊ, ಆಲೂಗಡ್ಡೆ ಇದರ ಬಳಗದವು. ಆದ್ದರಿಂದ ಅವು ಬೆಳೆದ ಜಾಗದಲ್ಲೇ ಕೂಡಲೇ ಇದನ್ನು ಹಚ್ಚಬಾರದು. ಒಂದರ ರೋಗ ಇನ್ನೊಂದಕ್ಕೆ ಬರುತ್ತದೆ.

ಸಸಿ ಮಾಡುವುದು

1. ಚೆನ್ನಾಗಿ ಹಣ್ಣಾಗಿ ಒಣಗಿದ ಕಾಯಿಯ ಬೀಜ ತೆಗೆದುಕೊಳ್ಳಿ. ಹುರಿದ ಕಾಯಿಯ ಬೀಜ ಮೊಳೆಯುವುದಿಲ್ಲ. ಹೈಬ್ರಿಡ್ ಕಾಯಿಯ ಬೀಜ ಮೊಳೆತರೂ ತಾಯಿಯಂಥ ಕಾಯಿ ಕೊಡುತ್ತದೆ ಅನ್ನೋ ಭರವಸೆ ಇಲ್ಲ.
2. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಕಳಿತ ಸಗಣಿ ಗೊಬ್ಬರ, ಒಂದು ಪಾಲು ಮರಳು ಕಲಸಿ.
3. ಬೀಜವನ್ನು ಅರ್ಧ ಬೆರಳುಗೆಣ್ಣಿನಷ್ಟು ಆಳ ಹಾಕಿ, ಕೈಯಿಂದ ನೀರು ಚಿಮುಕಿಸಿ. ಬೆಚ್ಚಗಿದ್ದರೆ 8-10 ದಿನಕ್ಕೆ ಮೊಳಕೆ ಕಾಣುತ್ತದೆ. ಚಳಿಯಲ್ಲಿ ತಡ.
4. ಸಸಿಗೆ ದಿನಾ ಬಕೆಟ್‌ಗಟ್ಟಲೆ ನೀರು ಹಾಕಬೇಡಿ. ಬುಡ ಕೊಳೆತು ಸಸಿ ಮಲಗಿಬಿಡುತ್ತದೆ. ಮಣ್ಣಿಗೆ ಬೆರಳು ಹಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು.
5. 35-40 ದಿನದ ಸಸಿ ಕಿತ್ತು ಹಚ್ಚಲು ಸರಿ. ಸಂಜೆ ಹೊತ್ತು ಹಚ್ಚಿದರೆ ಬಾಡುವುದು ಕಡಿಮೆ.

ಹೊರಗೆ ಬೆಳೆಸುವುದು

ಹಿತ್ತಲಲ್ಲಿ ಮಳೆನೀರು ನಿಲ್ಲದ ಕಡೆ ಮಣ್ಣು ಏರಿಸಿ, ಗಿಡದಿಂದ ಗಿಡಕ್ಕೆ ಒಂದೂವರೆಯಿಂದ ಎರಡು ಅಡಿ ಬಿಡಿ. ಬೇರಿನ ಹತ್ತಿರ ಎರಡು ದಿನ ನೀರು ನಿಂತರೂ ಗಿಡ ಸೊರಗುತ್ತದೆ. ಕೋಳಿ, ಆಡು ಬರದಂತೆ ಮುಳ್ಳು ಹಚ್ಚಿ. ಬಿಸಿಲು, ಗಾಳಿ, ಜೇನು ಉಳಿದ ಕೆಲಸ ಮಾಡುತ್ತವೆ.

ಒಳಗೆ ಬೆಳೆಸುವುದು

ಹಿತ್ತಲು ಇಲ್ಲದವರು ಇದನ್ನು ಗಮನವಿಟ್ಟು ಓದಿ. ಹೊರಗೆ ಬಿಸಿಲು, ಗಾಳಿ, ಜೇನು ಮಾಡುವ ಕೆಲಸವನ್ನು ಒಳಗೆ ನಾವೇ ಮಾಡಬೇಕು. ಅಷ್ಟೇ ವ್ಯತ್ಯಾಸ.

ಹಳೇ ಎಣ್ಣೆ ಡಬ್ಬಿ ಅಥವಾ ಒಡೆದ ಕೊಡ ಸಾಕು. ತಳಕ್ಕೆ ಮೊಳೆಯಿಂದ ನಾಲ್ಕೈದು ತೂತು ಹೊಡೆಯಿರಿ. ಡಬ್ಬಿಯನ್ನು ದಿನಕ್ಕೆ 5-6 ತಾಸು ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡಿ. ಅಷ್ಟು ಬಿಸಿಲು ಒಳಗೆ ಬರದಿದ್ದರೆ ಹಗಲು ಕಟ್ಟೆಯ ಮೇಲಿಟ್ಟು, ಜೋರು ಮಳೆ ಬಂದಾಗ ಒಳಗೆ ತನ್ನಿ. ಗಿಡ ಬೆಳಕಿನ ಕಡೆ ಬಾಗುವುದರಿಂದ ಎರಡು ದಿನಕ್ಕೊಮ್ಮೆ ಡಬ್ಬಿ ತಿರುಗಿಸಿ.

ನನ್ನ ಕಿಟಕಿ ಗಿಡದಲ್ಲಿ ಹೂವು ಭಾಳ ಬಿಟ್ಟು ಉದುರಿದವು, ಹಿತ್ತಲಿನವು ಕಾಯಿ ಕಟ್ಟಿದವು. ಕಾರಣ ಕೇಳಿ: ಮೆಣಸಿನ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಭಾಗ ಒಂದೇ ಹೂವಿನಲ್ಲಿ ಇರುತ್ತವೆ. ಗಾಳಿ ಅಲ್ಲಾಡಿಸಿದರೆ, ಜೇನು ಕೂತರೆ ಪರಾಗ ಉದುರಿ ತಾಗುತ್ತದೆ. ಒಳಗೆ ಅವೆರಡೂ ಇಲ್ಲ. ಮುಂಜಾನೆ ಹೊತ್ತು ಟೊಂಗೆಗೆ ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಆಮೇಲೆ ಅವೂ ಕಾಯಿ ಕಟ್ಟಿದವು. ಬಿಸಿಲು ವಿಪರೀತ ಆದರೂ ಹೂವು ಉದುರುತ್ತದೆ, ಅದು ನೆನಪಿರಲಿ.

ಎಲೆ ಮುದುಡಿದರೆ

ಇದೇ ಮುಟುರು ರೋಗ. ಥ್ರಿಪ್ಸ್, ಮೈಟ್ ಅನ್ನೋ ಸಣ್ಣ ನುಸಿಗಳು ರಸ ಹೀರುವುದರಿಂದ ಎಲೆ ಹೀಗಾಗುತ್ತದೆ. ತಿನ್ನುವ ಗಿಡಕ್ಕೆ ಮನೆಯೊಳಗೆ ವಿಷದ ಔಷಧ ಹೊಡೆಯಬೇಡಿ. 50 ಗ್ರಾಂ ಬೇವಿನ ಬೀಜ ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಚೂರು ಸಾಬೂನು ಕರಗಿಸಿ, ಸಂಜೆ ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಿ. ಪೂರ್ತಿ ಮುದುಡಿದ ಗಿಡವನ್ನು ಕಿತ್ತು ದೂರ ಒಗೆಯಿರಿ.

ನಿಮಗೆ ಗೊತ್ತೇ?

* ಖಾರ ಹೆಚ್ಚಾಗಿ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡ ಬಿಳಿ ತಿರುಳಿನಲ್ಲಿ. ಆ ಖಾರದ ಹೆಸರು ಕ್ಯಾಪ್ಸೈಸಿನ್.
* ಹಕ್ಕಿಗಳಿಗೆ ಈ ಖಾರ ತಾಗುವುದಿಲ್ಲ. ಗಿಳಿ ಮೆಣಸಿನಕಾಯಿ ತಿನ್ನುವುದು ಅದಕ್ಕೇ.
* ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಕೈ ಉರಿದರೆ ಎಣ್ಣೆ ಹಚ್ಚಿ ಸಾಬೂನಿನಿಂದ ತೊಳೆಯಿರಿ. ಬಾಯಿ ಉರಿದರೆ ಹಾಲು, ಮೊಸರು ಒಳ್ಳೇದು. ಈಗ ನಮ್ಮವ್ವನೂ ಎಣ್ಣೆ ಹಚ್ಚಿಕೊಂಡೇ ಕೈ ತೊಳೀತಾಳೆ.

ಸಸಿ ಹಚ್ಚಿದ ಒಂದೂವರೆ ತಿಂಗಳಿಗೆ ಹೂವು, ಆಮೇಲೆ ಸುಮಾರು ಒಂದು ತಿಂಗಳಿಗೆ ಹಸಿಕಾಯಿ. ಬಲಿತ ಕಾಯಿ ಬಿಡಿಸಿದಷ್ಟೂ ಗಿಡ ಮತ್ತೆ ಹೂವು ಬಿಡುತ್ತದೆ. ಆರು ಗಿಡದಿಂದ ಯಾರೂ ಸಾಹುಕಾರರಾಗುವುದಿಲ್ಲ. ಆದರೆ ರೊಟ್ಟಿ ಜೋಡಿ ಚಟ್ನಿಗೆ ಸಂತೆಯ ದಾರಿ ಕಾಯಬೇಕಿಲ್ಲ.

ಬೀಜಕ್ಕೆಂದು ಹತ್ತು ಹಣ್ಣು ಒಣಗಿಸಿ ಇಟ್ಟಿದ್ದೇನೆ. ಬೇಕಾದವರು ಊಟದ ಬಿಡುವಿನಲ್ಲಿ ಬಂದು ಕೇಳಿರಿ. ಡಬ್ಬಿ ಮಾತ್ರ ನಿಮ್ಮದು!

– 9ನೇ ತರಗತಿಯ ವಿದ್ಯಾರ್ಥಿನಿ