ಗೋಡೆಯ ಯಾವ ಮೈಯಿಂದ ಅಳೆದಿರಿ?

ಗೋಡೆಗೂ ಕಿವಿಯುಂಟು ಎಂದು ಹಿರಿಯರು ಹೇಳುತ್ತಿದ್ದರು. ಕಿವಿಯ ಮಾತು ಹಾಗಿರಲಿ. ಗೋಡೆಗೆ ಮೈಯುಂಟು, ಮೈಮೇಲೆ ಬಟ್ಟೆಯೂ ಉಂಟು ಎಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ. ನಕ್ಷೆಯಲ್ಲಿ ಎರಡು ಗೆರೆ ಕಂಡರೆ ಅದೇ ಗೋಡೆಯೆಂದು ತೃಪ್ತರಾಗುತ್ತೇವೆ. ಆ ಗೆರೆ ಇಟ್ಟಿಗೆಯ ಮೈಯೋ, ಅದರ ಮೇಲಿನ ಗಿಲಾವಿನ ಮೈಯೋ ಎಂದು ಕೇಳುವವರು ಎಷ್ಟು ಮಂದಿ? ಊರು ಬಿಟ್ಟು ಬಂದು, ಮುಂಬಯಿ ಪುಣೆಗಳಂಥ ನಗರಗಳಲ್ಲಿ ಚದರಡಿಗೆ ಇಷ್ಟೆಂದು ಹಣ ತೆತ್ತು ಮನೆ ಕೊಳ್ಳುವ ನಮ್ಮವರಾದರೂ ಈ ಪ್ರಶ್ನೆ ಕೇಳುವುದನ್ನು ರೂಢಿಸಿಕೊಳ್ಳಬೇಕು.

ನಾನು ಇಂಜಿನಿಯರನಲ್ಲ, ಬಿ.ಎ. ಮುಗಿಸಿ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವವನು. ಆದರೆ ಕಟ್ಟಡಗಳ ನಕ್ಷೆ, ಅಂದಾಜುಪಟ್ಟಿಗಳನ್ನು ಕಡತಕ್ಕೆ ಸೇರಿಸುವುದು ನನ್ನ ಪಾಲಿನ ಕೆಲಸ. ಹೀಗಾಗಿ ಬಲ್ಲವರಿಂದ ಕೇಳಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಸಾಧಾರಣವಾದ ಒಂದು ಹೊರಗೋಡೆಯನ್ನು ತೆಗೆದುಕೊಳ್ಳಿ. ನಡುವೆ ಒಂಬತ್ತು ಅಂಗುಲದ, ಎಂದರೆ ಸುಮಾರು ೨೩೦ ಮಿಲಿಮೀಟರಿನ ಇಟ್ಟಿಗೆಯ ಕಟ್ಟು. ಒಳಮೈಗೆ ೧೨ ಮಿಲಿಮೀಟರ್ ಗಿಲಾವು, ಹೊರಮೈಗೆ ೨೦ ಮಿಲಿಮೀಟರ್ ಗಿಲಾವು. ಒಟ್ಟು ೨೬೨. ಬಚ್ಚಲುಮನೆಯಾದರೆ ಇದರ ಮೇಲೆ ಟೈಲ್ಸಿನ ಪದರವೂ ಉಂಟು. ಗೋಡೆ ಒಂದೇ, ಆದರೆ ಅದನ್ನು ನೋಡುವವರು ಹಲವರು. ಭಾರದ ಲೆಕ್ಕ ಹಾಕುವ ಇಂಜಿನಿಯರಿಗೂ ಇಟ್ಟಿಗೆ ಜೋಡಿಸುವ ಮೇಸ್ತ್ರಿಗೂ ನಡುವಿನ ಕಟ್ಟು ಮುಖ್ಯ. ಗಿಲಾವಿನವನಿಗೆ ಮೇಲ್ಮೈ ಮುಖ್ಯ. ಅಡಿಗೆಮನೆಯ ಕಪಾಟು ಮಾಡುವ ಬಡಗಿಗೆ ಎಲ್ಲ ಮುಗಿದ ಮೇಲೆ ಉಳಿಯುವ ಜಾಗವೇ ಮುಖ್ಯ.

ಕಾಗದದ ಕಾಲದಲ್ಲಿ ಇವರಿಗೆಲ್ಲ ಬೇರೆ ಬೇರೆ ನಕ್ಷೆಗಳನ್ನು ಕೈಯಿಂದಲೇ ಬರೆಯುತ್ತಿದ್ದರು. ಈಗ ರೆವಿಟ್, ಆರ್ಕಿಕ್ಯಾಡ್ ಮುಂತಾದ ತಂತ್ರಾಂಶಗಳಲ್ಲಿ ಇಡೀ ಕಟ್ಟಡವನ್ನು ಒಮ್ಮೆ ಮಾತ್ರ ಕಟ್ಟುತ್ತಾರೆ. ಗೋಡೆಯ ಒಂದೊಂದು ಪದರಕ್ಕೂ ದಪ್ಪ, ವಸ್ತು, ಕೆಲಸ ಇವನ್ನು ನಮೂದಿಸುತ್ತಾರೆ: ಇದು ತಿರುಳು, ಇದು ಮೇಲ್ಹೊದಿಕೆ ಎಂದು. ಬಳಿಕ ಯಾರಿಗೆ ಯಾವುದು ಬೇಕೋ ಅದನ್ನಷ್ಟೇ ತೋರಿಸಬಹುದು. ಆರ್ಕಿಕ್ಯಾಡಿನಲ್ಲಿ ಗೋಡೆಯನ್ನು ಪೂರ್ತಿಯಾಗಿ, ಹೊದಿಕೆ ಬಿಟ್ಟು, ಇಲ್ಲವೇ ತಿರುಳು ಮಾತ್ರ ಕಾಣುವಂತೆ ಮಾಡಲು ಒಂದು ಆಯ್ಕೆಯಿದೆ. ರೆವಿಟ್‌ನಲ್ಲಿ ಸ್ಥೂಲವಾದ ನೋಟವನ್ನು ಆರಿಸಿದರೆ ಒಳಪದರಗಳು ಮರೆಯಾಗಿ ಗೋಡೆಯ ಹೊರ ಅಂಚುಗಳಷ್ಟೇ ಉಳಿಯುತ್ತವೆ. ಮಧ್ಯಮ ಅಥವಾ ಸೂಕ್ಷ್ಮ ನೋಟದಲ್ಲಿ ಎಲ್ಲ ಪದರಗಳೂ ಕಾಣುತ್ತವೆ.

ಇಲ್ಲಿಯೇ ನಾವು ಎಚ್ಚರ ವಹಿಸಬೇಕಾದದ್ದು. ಪರದೆಯ ಮೇಲೆ ಕಾಣುವುದು ಒಂದು, ಲೆಕ್ಕಕ್ಕೆ ಬರುವುದು ಇನ್ನೊಂದು, ಹೊರಗೆ ಕಳಿಸುವುದು ಮತ್ತೊಂದು. ರೆವಿಟ್‌ನಲ್ಲಿ ಕೋಣೆಯ ವಿಸ್ತೀರ್ಣವನ್ನು ಗೋಡೆಯ ಮುಗಿದ ಮೈಯಿಂದ, ಗೋಡೆಯ ನಡುಗೆರೆಯಿಂದ, ತಿರುಳಿನ ಮೈಯಿಂದ, ತಿರುಳಿನ ನಡುಗೆರೆಯಿಂದ ಹೀಗೆ ನಾಲ್ಕು ಬಗೆಯಲ್ಲಿ ಅಳೆಯಬಹುದು. ನೋಟ ಸ್ಥೂಲವಾಗಿರಲಿ ಸೂಕ್ಷ್ಮವಾಗಿರಲಿ, ಈ ಲೆಕ್ಕ ತನ್ನ ಪಾಡಿಗೆ ತಾನು ನಡೆಯುತ್ತದೆ. ಚಿತ್ರದಲ್ಲಿ ಗಿಲಾವು ಕಾಣದಿದ್ದರೂ ಲೆಕ್ಕದಲ್ಲಿ ಇರಬಹುದು. ಕಂಡರೂ ಲೆಕ್ಕದಿಂದ ಹೊರಗಿರಬಹುದು.

ಇದರಿಂದ ಆಗುವ ವ್ಯತ್ಯಾಸವೆಷ್ಟು? ಒಂದೇ ಕೋಣೆಯ ಮನೆ ಇದೆಯೆನ್ನೋಣ. ನಾಲ್ಕು ಕಡೆಯೂ ಮೇಲೆ ಹೇಳಿದಂಥ ಹೊರಗೋಡೆ. ಇಟ್ಟಿಗೆಯಿಂದ ಇಟ್ಟಿಗೆಗೆ ೩ ಮೀಟರ್ ಅಗಲ, ೩.೬ ಮೀಟರ್ ಉದ್ದ, ವಿಸ್ತೀರ್ಣ ೧೦.೮೦ ಚದರ ಮೀಟರ್. ಗಿಲಾವಿನ ಮೈಯಿಂದ ಅಳೆದರೆ ಎರಡು ಕಡೆಯೂ ೨೪ ಮಿಲಿಮೀಟರ್ ಕಡಿಮೆಯಾಗಿ ೧೦.೬೪ ಆಗುತ್ತದೆ. ಸುಮಾರು ೧.೭ ಚದರಡಿ ಹೋಯಿತು. ಇಟ್ಟಿಗೆಯ ನಡುಗೆರೆಯಿಂದ ಅಳೆದರೋ ೧೨.೩೭! ಗಿಲಾವಿನ ಲೆಕ್ಕಕ್ಕಿಂತ ಹದಿನೆಂಟೂವರೆ ಚದರಡಿ ಹೆಚ್ಚು. ಚದರಡಿಗೆ ಹತ್ತು ಸಾವಿರ ರೂಪಾಯಿ ಎಂದಿಟ್ಟುಕೊಂಡರೆ ಸುಮಾರು ಒಂದು ಲಕ್ಷ ಎಂಬತ್ತೈದು ಸಾವಿರದ ಅಂತರ. ಕೋಣೆ ಮಾತ್ರ ಅದೇ ಕೋಣೆ. ಅಲ್ಲಿ ಹಾಸುವ ಚಾಪೆ ಒಂದಂಗುಲವೂ ಬೆಳೆಯಲಿಲ್ಲ.

೨೦೧೬ರ ರೇರಾ ಕಾಯಿದೆಯು ಕಾರ್ಪೆಟ್ ಏರಿಯಾ ಎಂದರೇನೆಂದು ಹೇಳಿ ನಮಗೆ ಉಪಕಾರ ಮಾಡಿದೆ. ಅದರಂತೆ ಹೊರಗೋಡೆಗಳ ಜಾಗವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮನೆಯೊಳಗಿನ ಅಡ್ಡಗೋಡೆಗಳ ಜಾಗ ಲೆಕ್ಕಕ್ಕೆ ಸೇರುತ್ತದೆ. ಹೀಗಾಗಿ ಹೊರಗೋಡೆಯ ನಡುಗೆರೆಯ ಲೆಕ್ಕಕ್ಕೆ ಎಡೆಯಿಲ್ಲ. ಆದರೆ ಆ ವಿವರಣೆಯ ಮಾತುಗಳಲ್ಲಿ ಗಿಲಾವಿನ ಹೆಸರಿಲ್ಲ. ಅಳತೆ ಇಟ್ಟಿಗೆಯ ಮೈಯಿಂದಲೋ ಗಿಲಾವಿನ ಮೈಯಿಂದಲೋ ಎಂಬುದನ್ನು ಕೊಳ್ಳುವವರು ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು.

ಇನ್ನು ಹೊರಗೆ ಕಳಿಸುವ ವಿಚಾರ. ಪಿ.ಡಿ.ಎಫ್. ನಕ್ಷೆಯಾದರೆ ಪರದೆಯ ನೋಟವೇ ಅಚ್ಚಾಗಿ ಬರುತ್ತದೆ. ಮರೆಮಾಡಿದ ಪದರ ಅದರಲ್ಲಿ ಇರುವುದಿಲ್ಲ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಕಟ್ಟಡವನ್ನೇ ಸಾಗಿಸಲು ಐ.ಎಫ್.ಸಿ. ಎಂಬ ಅಂತಾರಾಷ್ಟ್ರೀಯ ಕ್ರಮವಿದೆ. ಅದರಲ್ಲಿ ಗೋಡೆಯನ್ನು ಒಂದೇ ಗಟ್ಟಿಯಾಗಿ ಕಳಿಸಿ ಪದರಗಳ ಪಟ್ಟಿಯನ್ನು ಜೊತೆಗಿಡಬಹುದು, ಇಲ್ಲವೇ ಪದರಪದರವಾಗಿ ಬಿಡಿಸಿಯೂ ಕಳಿಸಬಹುದು. ಪಡೆದವನು ಪಟ್ಟಿಯನ್ನು ನೋಡದೆ ೨೬೨ ಮಿಲಿಮೀಟರನ್ನೂ ಇಟ್ಟಿಗೆಯೆಂದೇ ಎಣಿಸಿದರೆ ಗತಿಯೇನು? ಹತ್ತು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಗೋಡೆಗೆ ೬.೯೦ ಘನ ಮೀಟರಿನ ಬದಲು ೭.೮೬ ಘನ ಮೀಟರ್ ಇಟ್ಟಿಗೆ ಕೆಲಸ ಬರೆಯುತ್ತಾನೆ. ನೂರಕ್ಕೆ ಹದಿನಾಲ್ಕರಷ್ಟು ಹೆಚ್ಚು! ಊರಿನಲ್ಲಿ ತಂದೆತಾಯಿಗಳಿಗಾಗಿ ಮನೆ ಕಟ್ಟಿಸುತ್ತ ಇಲ್ಲಿಂದಲೇ ಹಣ ಕಳಿಸುವವರು ಇದನ್ನು ಗಮನಿಸಬೇಕು.

ತಂತ್ರಾಂಶವನ್ನು ದೂರುವುದು ನನ್ನ ಉದ್ದೇಶವಲ್ಲ. ಅದು ಹೇಳಿದಂತೆ ಕೇಳುವ ಆಳು. ಬೇಕಾದುದನ್ನು ತೋರಿಸಿ ಬೇಡವಾದುದನ್ನು ಮರೆಮಾಡುವುದು ನಕ್ಷೆ ತಿಳಿಯಾಗಲೆಂದು ಮಾಡಿದ ಅನುಕೂಲ. ಹೇಳಿದವರು ಏನು ಹೇಳಿದರೆಂಬುದನ್ನು ನಕ್ಷೆಯ ಅಂಚಿನಲ್ಲಿ ಬರೆದಿಟ್ಟರೆ ಯಾರಿಗೂ ತೊಂದರೆಯಿಲ್ಲ.

ಆದುದರಿಂದ ನಕ್ಷೆ ಕೈಗೆ ಬಂದಾಗ ಮೂರು ಮಾತು ಕೇಳಿರಿ. ಈ ಗೆರೆ ಗೋಡೆಯ ಯಾವ ಮೈಯದು? ವಿಸ್ತೀರ್ಣವನ್ನು ಯಾವ ಮೈಯಿಂದ ಅಳೆದಿದ್ದೀರಿ? ಅಂದಾಜುಪಟ್ಟಿಯಲ್ಲಿ ಇಟ್ಟಿಗೆ ಬೇರೆ, ಗಿಲಾವು ಬೇರೆ ಆಗಿದೆಯೆ? ಉತ್ತರವನ್ನು ಬರಹದಲ್ಲಿಯೇ ಪಡೆಯಿರಿ. ಕಪಾಟು ಮಾಡಿಸುವವರಂತೂ ನಕ್ಷೆಯನ್ನು ನಂಬದೆ, ಗಿಲಾವು ಟೈಲ್ಸುಗಳೆಲ್ಲ ಮುಗಿದ ಮೇಲೆ ಟೇಪು ಹಿಡಿಸಿರಿ. ಎರಡು ಬದಿಯ ಗಿಲಾವು ಸೇರಿದರೆ ಹತ್ತಿರಹತ್ತಿರ ಒಂದಂಗುಲ, ಆ ಒಂದಂಗುಲಕ್ಕೆ ಕಪಾಟು ಒಳಗೆ ಹೋಗದೆ ನಿಂತೀತು.

ಮನೆ ಕಟ್ಟಿ ನೋಡು ಎಂದು ಗಾದೆ ಹೇಳುತ್ತದೆ. ನಮ್ಮಲ್ಲಿ ಬಹುಮಂದಿ ಕಟ್ಟುವವರಲ್ಲ, ಕೊಳ್ಳುವವರು. ಕೊಳ್ಳುವವರು ಅಳೆದು ನೋಡಬೇಕು. ಅಳೆಯುವುದಕ್ಕೂ ಮೊದಲು, ಎಲ್ಲಿಂದ ಅಳೆಯುವುದೆಂದು ಕೇಳಿ ನೋಡಬೇಕು.