ಸಹ್ಯವೆಂದರೆ ಎಷ್ಟು ಸಹ್ಯ?

ಪ್ರಶ್ನೆ: ನಾಸಿಕ, ಛತ್ರಪತಿ ಸಂಭಾಜಿನಗರದ ಮೇ ತಿಂಗಳ ಸೆಕೆಯನ್ನು ‘ಟಾಲರಬಲ್’ ಎನ್ನಬೇಕೋ, ‘ಬೇರಬಲ್’ ಎನ್ನಬೇಕೋ?

ಉತ್ತರ: ನಾಸಿಕದ ಪಡುವಣಕ್ಕಿರುವ ಸಹ್ಯಾದ್ರಿಯ ಹೆಸರಲ್ಲೇ ‘ಸಹ್ಯ’ ಇದೆ. ನಾವು ಆ ಒಂದು ಪದದಿಂದ ಮಾಡಿಸುವ ಕೆಲಸವನ್ನು ಇಂಗ್ಲಿಷ್ ಹಲವಕ್ಕೆ ಹಂಚಿದೆ. ‘ಬೇರ್’ ಎಂದರೆ ಮೂಲತಃ ಹೊರುವುದು. ಹೊರಲಾರದ ದುಃಖ ಎನ್ನುತ್ತೇವಲ್ಲ, ಹಾಗೆ. ಆದ್ದರಿಂದ ನೋವು, ಸೆಕೆಗಳಿಗೆ ‘ಬೇರಬಲ್’ ಚೆನ್ನಾಗಿ ಒಪ್ಪುತ್ತದೆ. ನಿಘಂಟುಗಳು ಎರಡನ್ನೂ ಸಮಾನಾರ್ಥಕವೆನ್ನುತ್ತವಲ್ಲ ಎಂದರೆ, ಸೆಕೆಯ ಮಟ್ಟಿಗೆ ನಿಜ, ಯಾವುದಾದರೂ ನಡೆದೀತು. ಆದರೆ ‘ಟಾಲರಬಲ್’ಗೆ ‘ಪರವಾಗಿಲ್ಲ’ ಎಂಬ ಇನ್ನೊಂದು ಅರ್ಥವುಂಟು: ಜೇನ್ ಆಸ್ಟಿನ್‌ಳ 1813ರ ಕಾದಂಬರಿಯಲ್ಲಿ ಡಾರ್ಸಿ ಎಲಿಜಬೆತ್‌ಳ ರೂಪಕ್ಕೆ ಹಚ್ಚುವ (ಅವಳು ಬೇಗ ಮರೆಯದ) ಪದ ಇದೇ. ಸಂಭಾಜಿನಗರದ ನಾನ್ ಖಲಿಯಾ ಉಂಡು ‘ಟಾಲರಬಲ್’ ಎಂದರೆ ಸುಮಾರಾಗಿತ್ತು ಎಂದರ್ಥ. ‘ಬೇರಬಲ್’ ಎಂದರೆ ಹೇಗೋ ನುಂಗಿದಿರಿ ಎಂದು.